ದಾನಿಯ ತಪ್ಪೇನು?

ಈಚೆಗೆ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರವೊಂದು ನಡೆಯಿತು. ಅಂದು ಎಲ್ಲರಿಗಿಂತ ಮುಂದಾಗಿ ತೋಳು ಚಾಚಿದ್ದ ವಿದ್ಯಾರ್ಥಿ ಕೆಲವು ದಿನಗಳ ಬಳಿಕ ನನ್ನ ಕೊಠಡಿಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ.

“ರಕ್ತನಿಧಿಯವರು ಕರೆಸಿದ್ದರು, ಸಾರ್. ಹೆಪಟೈಟಿಸ್ ಬಿ ಇದೆಯಂತೆ. ಕೆಟ್ಟ ದಾರಿ ಹಿಡಿದವನಲ್ಲ ನಾನು. ಮನೆಯಲ್ಲಿ ಏನೆಂದು ಹೇಳಲಿ?”

ಹಳಗನ್ನಡ ಪಾಠ ಹೇಳುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ವೈದ್ಯಮಿತ್ರರನ್ನು ಕೇಳಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡುದನ್ನು ಮರುದಿನ ಅವನಿಗೆ ಹೇಳಿದೆ. ವಾಚಕರೂ ಕೇಳಬೇಕಾದ ಮಾತು ಅದು.

ಈ ರೋಗಾಣುವಿನ ಸುಳಿವು ಸಿಕ್ಕಿದ್ದೇ ನಾಡುನಾಡುಗಳ ಜನರ ರಕ್ತವನ್ನು ಹೋಲಿಸಿ ನೋಡುವಾಗ. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಅಪರಿಚಿತ ಪ್ರೋಟೀನೊಂದರ ವಿಷಯವನ್ನು ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ 1965ರಲ್ಲಿ ಪ್ರಕಟಿಸಿದರು. ಅಮೆರಿಕದ ಆರೋಗ್ಯವಂತರಲ್ಲಿ 1,000ಕ್ಕೆ ಒಬ್ಬರಲ್ಲಿ ಕಾಣುವುದೂ ಅಪರೂಪವಾಗಿದ್ದ ಅದು ಏಷ್ಯದ ಕೆಲವು ಜನಗಳಲ್ಲಿ ಹೇರಳವಾಗಿತ್ತು. ವಂಶದಿಂದ ಬಂದ ಗುಣವಿರಬಹುದೆಂದು ಮೊದಲು ಊಹಿಸಿದರು. ಕೆಲವೇ ವರ್ಷಗಳಲ್ಲಿ ನಿಜ ತಿಳಿಯಿತು: ಅದು ವಂಶದ ಗುರುತಲ್ಲ, ವೈರಸ್ಸಿನ ಮೇಲ್ಹೊದಿಕೆ. ಇಂದು ರಕ್ತನಿಧಿಗಳು ಹುಡುಕುವುದು ಅದನ್ನೇ. ಬ್ಲಂಬರ್ಗರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನಾಡುನಾಡುಗಳ ಆ ಅಂತರ ಇಂದಿಗೂ ಅಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಶ್ರೀಮಂತ ದೇಶಗಳಲ್ಲಿ 10,000 ದಾನಗಳಿಗೆ ಸುಮಾರು 2ರಲ್ಲಿ ಈ ಸೋಂಕು ಕಂಡರೆ, ತೀರ ಬಡ ದೇಶಗಳಲ್ಲಿ 280ರ ಆಸುಪಾಸು. ಒಂದು ನಾಡಿನ ರಕ್ತ ಶುದ್ಧ, ಇನ್ನೊಂದರದು ಅಶುದ್ಧ ಎಂದು ಇದರ ಅರ್ಥವಲ್ಲ. ಸೋಂಕು ತಗಲುವ ವಯಸ್ಸೇ ಇಲ್ಲಿ ಮುಖ್ಯ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗಲಿದ 10 ಶಿಶುಗಳಲ್ಲಿ 9ರಲ್ಲಿ ಅದು ಬಹುಕಾಲ ನೆಲೆಸಿಬಿಡುತ್ತದೆ. ವಯಸ್ಕರಲ್ಲಿ ಹಾಗಾಗುವುದು 100ಕ್ಕೆ 5ಕ್ಕಿಂತ ಕಡಿಮೆ. ನೆಲೆಸಿದ ರೋಗ ಹತ್ತಾರು ವರ್ಷ ನೋವಿಲ್ಲದೆ, ಕಾಮಾಲೆಯಿಲ್ಲದೆ ಅಡಗಿದ್ದು, ಕೊನೆಗೆ ಯಕೃತ್ತನ್ನೇ ಕೆಡಿಸಬಲ್ಲುದು.

ಇದನ್ನು ತಡೆಯುವ ಲಸಿಕೆಯನ್ನು ತೈವಾನ್ 1984ರಲ್ಲಿಯೇ ಶಿಶುಗಳಿಗೆ ಕೊಡತೊಡಗಿತು. ಅಲ್ಲಿಯ ಮಕ್ಕಳಲ್ಲಿ 100ಕ್ಕೆ 10ರಷ್ಟಿದ್ದ ಸೋಂಕು ಹದಿನೈದು ವರ್ಷಗಳಲ್ಲಿ 1ಕ್ಕಿಂತ ಕೆಳಗಿಳಿಯಿತು. ನಮ್ಮ ದೇಶದಾದ್ಯಂತ ಅದು ಮಕ್ಕಳ ಲಸಿಕೆಯ ಪಟ್ಟಿಗೆ ಸೇರಿದ್ದು 2011ರ ವೇಳೆಗೆ. ನನ್ನ ವಿದ್ಯಾರ್ಥಿ ಅದಕ್ಕೆ ಮೊದಲೇ ಹುಟ್ಟಿದವನು.

ಹುಡುಗ ಮನೆಯಲ್ಲಿ ವಿಷಯ ತಿಳಿಸಿದ. ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಂಡರು. ತಾಯಿಗೂ ಸೋಂಕಿತ್ತು. “ನನ್ನಿಂದಲೇ ಬಂತೆ?” ಎಂದು ಆಕೆ ಕಣ್ಣೀರು ಹಾಕಿದರಂತೆ. ಆಕೆಗಾದರೂ ಅದರ ಅರಿವಿತ್ತೆ? ಸೋಂಕಿಲ್ಲದ ತಂಗಿಗೆ ಲಸಿಕೆ ಹಾಕಿಸಿದರು. ತಾಯಿಮಗ ಈಗ ವೈದ್ಯರ ಆರೈಕೆಯಲ್ಲಿದ್ದಾರೆ. ರೋಗವನ್ನು ಹತೋಟಿಯಲ್ಲಿಡುವ ಔಷಧಿಗಳಿವೆ. ಒಟ್ಟಿಗೆ ಕುಳಿತು ಉಂಡರೆ ಇದು ಅಂಟದು. ಆ ಮನೆಯಲ್ಲಿ ಯಾರ ತಟ್ಟೆಯೂ ಬೇರೆಯಾಗಲಿಲ್ಲ.

ಅವನ ರಕ್ತ ಪರರಿಗೆ ಸಲ್ಲಲಿಲ್ಲ, ನಿಜ. ಆದರೆ ಆ ದಾನ ಅವನ ಮನೆಯನ್ನೇ ಕಾಯಿತು.