ಅಟ್ಟದ ಕತ್ತಲೆಗೆ ಒಪ್ಪುವ ವಿದ್ಯುತ್ತು

ತುಮಕೂರು ಜಿಲ್ಲೆಯ ಒಂದು ತುದಿಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದೇ ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಒದಗಬೇಕಿರುವುದಾದರೋ ವಾಟ್‌ನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೋವಾಟ್‌ಗಳ ವಿದ್ಯೆ. ಸುತ್ತಲಿನ ಬೆಳಕು, ಶಾಖ, ಕಂಪನಗಳಿಂದ ಚೂರುಚೂರೇ ವಿದ್ಯುತ್ತು ಹಿಡಿದು, ಬ್ಯಾಟರಿ ಬದಲಿಸುವ ಗೋಜಿಲ್ಲದೆ ಪುಟ್ಟ ಸಾಧನಗಳನ್ನು ನಡೆಸುವ ಈ ತಂತ್ರವನ್ನು ಶಕ್ತಿ ಕೊಯ್ಲು ಎನ್ನುವುದು ಸರಿಯಾಗಿಯೇ ಇದೆ. ಮಳೆನೀರು ಕೊಯ್ಲಿನಂತೆ ಇಲ್ಲಿಯೂ ಬಿದ್ದದ್ದೆಷ್ಟು ಎನ್ನುವುದಕ್ಕಿಂತ ತುಂಬಿಟ್ಟದ್ದನ್ನು ಹೇಗೆ ಖರ್ಚು ಮಾಡಲಾಯಿತು ಎನ್ನುವುದೇ ದೊಡ್ಡದು.

ಹೊಲದಲ್ಲಿ ಸಂವೇದಕ ಹೂಡುವುದು ಜಿಲ್ಲೆಗೆ ಹೊಸದೇನಲ್ಲ. 2000ದ ದಶಕದ ನಡುಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಲೊಸಾನ್‌ ತಾಂತ್ರಿಕ ವಿಶ್ವವಿದ್ಯಾಲಯವೂ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಸಂವೇದಕಗಳನ್ನು ಹೂಡಿದ್ದವು. ಅವು ಬ್ಯಾಟರಿಯ ಮೇಲೆ ನಡೆಯುವ ಸಾಧನಗಳು. ಆ ತಂಡದಲ್ಲಿದ್ದ ಟಿ.ವಿ. ಪ್ರಭಾಕರ್ ಅವರು ಅದೇ ಸಂಸ್ಥೆಯಲ್ಲಿ ಮುಂದೆ ಶಕ್ತಿ ಕೊಯ್ಲಿನಿಂದ ನಡೆಯುವ ಜಾಲಗಳ ಸಂಶೋಧನೆಯಲ್ಲಿ ತೊಡಗಿದರು.

ತೆಂಗಿನ ತೋಟದಲ್ಲಿ ಬ್ಯಾಟರಿಯ ಪ್ರಶ್ನೆ ಇನ್ನೂ ಬಿಗಿಯಾದದ್ದು. ಮರದಿಂದ ಮರಕ್ಕೆ 9 ಮೀಟರ್ ಬಿಟ್ಟರೆ ಎಕರೆಗೆ ಸುಮಾರು 50 ಮರ, ಮರಕ್ಕೊಂದು ಸಂವೇದಕವಿಟ್ಟರೆ ಐದು ಎಕರೆಗೆ 250 ಬ್ಯಾಟರಿ. ಮರ ಹತ್ತುವವರೇ ಸಿಗದೆ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಅದಕ್ಕೆಂದೇ ತರಬೇತಿ ನಡೆಸಬೇಕಾಗಿ ಬಂದ ಕಾಲದಲ್ಲಿ ಅವನ್ನು ಬದಲಿಸುತ್ತ ತಿರುಗುವವರು ಯಾರು? ಕಾಂಡದೊಳಗೆ ಕೆಂಪು ಮೂತಿ ಹುಳುವಿನ ಮರಿ ಕೊರೆಯುವ ಕರಕರ ಸದ್ದು ಬೊಡ್ಡೆಗೆ ಕಿವಿಯಿಟ್ಟರೆ ಕೇಳುತ್ತದೆ, ಆದರೆ ತೂತಿನಿಂದ ಕಂದು ರಸ ಸೋರಿ ಸುಳಿ ಬಾಡುವವರೆಗೆ ಕಿವಿಯಿಡುವ ಯೋಚನೆ ಯಾರಿಗೂ ಬರುವುದಿಲ್ಲ. ಆ ಕಿವಿಯ ಕೆಲಸವನ್ನು ಸಂವೇದಕವೊಂದು ದಿನಕ್ಕೆ ಒಂದು ನಿಮಿಷ, 10 ಮಿಲಿವಾಟ್ ಖರ್ಚಿನಲ್ಲಿ ಮಾಡಿತೆಂದರೆ ದಿನವಿಡೀ ಹಂಚಿದಾಗ ಅದು ಬರೀ 7 ಮೈಕ್ರೋವಾಟ್. ಬಿಸಿಲಿನ ನೂರರಲ್ಲೊಂದು ಪಾಲು ಮಾತ್ರ ಗರಿಗಳ ಸಂದಿಯಿಂದ ಇಳಿದರೂ ಒಂದು ಚದರ ಸೆಂಟಿಮೀಟರಿನ ಸೌರಕೋಶ 200 ಮೈಕ್ರೋವಾಟ್ ಕೊಡಬಲ್ಲದು. ಹೀಗಾಗಿ ತೋಟದಲ್ಲಿ ತೊಡಕಿರುವುದು ಶಕ್ತಿಯಲ್ಲಲ್ಲ, ಗಾಳಿಯ ಸದ್ದಿನ ನಡುವೆ ಹುಳುವಿನ ಸದ್ದನ್ನು ಬೇರ್ಪಡಿಸುವುದರಲ್ಲಿ.

ನಿಜವಾದ ಪರೀಕ್ಷೆ ಅಟ್ಟದಲ್ಲಿದೆ. ಉಂಡೆ ಕೊಬ್ಬರಿಗಾಗಿ ಸಿಪ್ಪೆ ಸಮೇತ ಅಟ್ಟಕ್ಕೇರಿದ ಕಾಯಿ, ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಟಲೊಟ ಎನ್ನುವವರೆಗೆ ಎಂಟು ತಿಂಗಳಿಂದ ಒಂದು ವರ್ಷ ಅಲ್ಲೇ ಕೂರುತ್ತದೆ. ಅಷ್ಟರಲ್ಲಿ ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ತೇವಾಂಶ ಅಳೆಯುವ ಸಾಧನಕ್ಕೆ ಬೆಳಕಿಲ್ಲ, ಅಲುಗಾಟವಂತೂ ಇಲ್ಲವೇ ಇಲ್ಲ. ಇರುವುದು ಶಾಖ: ಮಧ್ಯಾಹ್ನ ತಗಡಿನ ಮಾಡು ಕಾಯುತ್ತದೆ, ರಾತ್ರಿ ಒಳಗಿನ ಗಾಳಿಗಿಂತ ತಣ್ಣಗಾಗುತ್ತದೆ. ಎರಡು ಬಗೆಯ ವಾಹಕಗಳ ಬೆಸುಗೆಗಳ ನಡುವೆ ಉಷ್ಣತೆಯ ಅಂತರವಿದ್ದರೆ ವಿದ್ಯುತ್ತು ಹುಟ್ಟುತ್ತದೆಂಬುದರ ಬೇರು 1821ರ ಸೀಬೆಕ್ ಶೋಧದಲ್ಲಿದೆ. ಇಂದು 20 ಮಿಲಿವೋಲ್ಟ್‌ನಷ್ಟು ಕ್ಷೀಣ ಒತ್ತಡದಿಂದಲೂ ಕೆಲಸ ಶುರುಮಾಡುವ ಬಿಲ್ಲೆಗಳು ಅಂಗಡಿಯಲ್ಲೇ ಸಿಗುತ್ತವೆ. ಹಗಲು ರಾತ್ರಿಗೆ ಧ್ರುವ ಅದಲುಬದಲಾಗುವುದರಿಂದ ಎರಡೂ ದಿಕ್ಕಿನ ಪ್ರವಾಹವನ್ನು ಒಪ್ಪುವ ಮಂಡಲ ಬೇಕು, ಮೋಡ ಕವಿದ ವಾರಗಳನ್ನು ದಾಟಿಸಲು ಸಣ್ಣ ಸಂಗ್ರಾಹಕವೂ ಬೇಕು.

ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡುವುದು ಬೇರೆ: ಒತ್ತಿದರೆ ವಿದ್ಯುದಂಶ ಹೊಮ್ಮಿಸುವ ಹರಳುಗಳು, ಅಂದರೆ ಕ್ಯೂರಿ ಸೋದರರು 1880ರಲ್ಲಿ ಕಂಡ ಗುಣ, ಮತ್ತು ಉಜ್ಜಾಟದಿಂದ ವಿದ್ಯುತ್ತು ಪಡೆಯುವ, ಝೋಂಗ್ ಲಿನ್ ವಾಂಗ್ ತಂಡ 2012ರಲ್ಲಿ ಮುಂದಿಟ್ಟ ನ್ಯಾನೋ ಜನಕಗಳು. ಗರಿಯ ಓಲಾಟವನ್ನೇ ವಿದ್ಯುತ್ತಾಗಿಸುವ ಕಲ್ಪನೆ ಚೆಂದವೇ, ಆದರೆ ಗಾಳಿಯಿಲ್ಲದ ದಿನ ಗರಿಯೂ ಸುಮ್ಮನಿರುತ್ತದೆ, ಧೂಳೂ ಮಳೆಯೂ ಉಜ್ಜುವ ಪದರಗಳನ್ನು ಬೇಗ ಸವೆಸುತ್ತವೆ.

ಪ್ರಯೋಗಾಲಯದಲ್ಲಿ ಗಂಟೆಗಟ್ಟಲೆ ಮಿನುಗಿದ ದೀಪ ಈ ಸೀಮೆಗೆ ಪುರಾವೆಯಲ್ಲ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಬೆಂಗಳೂರಿನ ಸಂಶೋಧಕರೂ ಕೂಡಿ ಕಾಯಿ ಏರಿದ ದಿನವೇ ಅಟ್ಟದಲ್ಲಿ ಸಾಧನ ಕಟ್ಟಲಿ. ಯಾರೂ ಕೈಹಾಕದೆ, ಕೊಬ್ಬರಿ ಇಳಿಯುವ ದಿನವೂ ಅದು ತೇವದ ಲೆಕ್ಕ ಒಪ್ಪಿಸುತ್ತಿದ್ದರೆ ಮಾತ್ರ ಬೆಳೆಗಾರರಿಗೆ ಕೊಳ್ಳಿರೆಂದು ಹೇಳಲಿ.