ಮೊಂಡು ಕುದುರೆಗೆ ಮುಳ್ಳಿನ ಕಡಿವಾಣ ಮದ್ದಲ್ಲ

ಟ್ರ್ಯಾಕ್ಟರು, ಆಟೋಗಳು ಬಂದ ಮೇಲೆ ನಮ್ಮ ನಾಡಿನಲ್ಲಿ ಕುದುರೆಗಳ ಸಂಖ್ಯೆ ಇಳಿದಿದೆ. ಆದರೂ ಮೈಸೂರಿನ ಟಾಂಗಾಗಳಿಗೆ, ಉತ್ತರ ಕರ್ನಾಟಕದಲ್ಲಿ ಕುರಿಗಾಹಿಗಳ ಸಾಮಾನು ಹೊರುವ ತಟ್ಟುಗಳಿಗೆ, ಜಾತ್ರೆ ಮದುವೆಗಳ ಸವಾರಿಗೆ ಕುದುರೆ ಇನ್ನೂ ಬೇಕು. ಇವುಗಳನ್ನು ಸಾಕಿದವರಿಗೆ ಕುದುರೆಯೇ ಅನ್ನದ ಮೂಲ. ಅದು ತಲೆ ಕೊಡವಿದರೆ, ನಿಲ್ಲೆಂದರೆ ನಿಲ್ಲದಿದ್ದರೆ, ಒಂದೇ ಕಡೆಗೆ ಎಳೆದರೆ ಯಜಮಾನರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಇನ್ನೂ ಬಿರುಸಾದ ಕಡಿವಾಣ ತಂದು ಹಾಕುವುದು. ಈ ಪದ್ಧತಿ ತಪ್ಪು, ನಷ್ಟದಾಯಕವೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕುದುರೆಯ ಬಾಯಿಯ ರಚನೆಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಮುಂದಿನ ಬಾಚಿಹಲ್ಲು ಮತ್ತು ಹಿಂದಿನ ದವಡೆಹಲ್ಲುಗಳ ನಡುವೆ ಹಲ್ಲಿಲ್ಲದ ಸಂದು ಇದೆ. ಕಡಿವಾಣ ಕೂರುವುದು ಇಲ್ಲಿಯೇ. ಕೆಳದವಡೆಯ ಈ ಭಾಗದಲ್ಲಿ ಎಲುಬಿನ ಅಂಚನ್ನು ತೆಳುವಾದ ಒಸಡು ಮಾತ್ರ ಮುಚ್ಚಿರುತ್ತದೆ. ಉಳಿದ ಜಾಗವನ್ನು ಬಹುಮಟ್ಟಿಗೆ ನಾಲಗೆಯೇ ತುಂಬಿರುತ್ತದೆ. ಇಂಥ ಕಡೆ ಮುಳ್ಳು ಅಥವಾ ಗಂಟುಗಳಿರುವ ಕಬ್ಬಿಣವನ್ನು ಜಗ್ಗಿದರೆ ಗಾಯವಾಗದೆ ಇರದು. ಗಾಯ ಮಾಗಿ ಗಡುಸಾಗುತ್ತದೆ, ಕೆಲವೊಮ್ಮೆ ಎಲುಬೂ ಉಬ್ಬಿ ಬೆಳೆಯುತ್ತದೆ. ಆಗ 'ಈ ಕುದುರೆಯ ಬಾಯಿ ಗಟ್ಟಿ' ಎಂದು ಮತ್ತಷ್ಟು ಜೋರಾಗಿ ಎಳೆಯುತ್ತೇವೆ.

ಕುದುರೆ ಮಾತು ಕೇಳದಿದ್ದರೆ ಮೊದಲು ಅದರ ಬಾಯಿ ತೆರೆದು ನೋಡಿಸಬೇಕು. ಕುದುರೆಯ ದವಡೆಹಲ್ಲು ಸವೆದಂತೆಲ್ಲ ಮೇಲಕ್ಕೆ ಬರುತ್ತಿರುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾದ್ದರಿಂದ ಹಲ್ಲಿನ ಅಂಚುಗಳು ಸಮವಾಗಿ ಸವೆಯದೆ ಚೂಪಾಗಿ, ಕೆನ್ನೆಯ ಒಳಭಾಗವನ್ನೂ ನಾಲಗೆಯನ್ನೂ ಕೊಯ್ಯುತ್ತವೆ. ದವಡೆಹಲ್ಲಿನ ಮುಂದೆ ಮೂಡುವ ಚಿಕ್ಕ ಹಲ್ಲಿಗೂ ಕಡಿವಾಣ ತಗಲಿ ನೋಯಬಹುದು. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಹಲ್ಲಿಗೆ ಅರ ಹಾಕಿಸಬೇಕು. ಎದೆಪಟ್ಟಿಯ ಹುಣ್ಣು, ಗೊರಸಿನ ನೋವು ಇದ್ದರೂ ಕುದುರೆ ಮೊಂಡು ಹಿಡಿಯುತ್ತದೆ. ಅಂಥ ನೋವಿಗೆ ಬಾಯಿಯನ್ನು ದಂಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನು ಕಡಿವಾಣದ ಆಯ್ಕೆ. ಅದು ನುಣುಪಾಗಿರಬೇಕು. ಲೇಪ ಎದ್ದ, ತುಕ್ಕು ಹಿಡಿದ ಕಬ್ಬಿಣಕ್ಕಿಂತ ಸ್ಟೇನ್‌ಲೆಸ್ ಸ್ಟೀಲಿನದು ಲೇಸು. ಒಂದು ದಾರವನ್ನು ಬಾಯೊಳಗಿಂದ ಹಾಯಿಸಿ ಒಂದು ಕಟಬಾಯಿಯಿಂದ ಇನ್ನೊಂದಕ್ಕೆ ಇರುವ ಅಗಲವನ್ನು ಅಳೆಯಿರಿ. ಎರಡೂ ಕಡೆ ಸುಮಾರು ಅರ್ಧ ಸೆಂ.ಮೀ. ಹೆಚ್ಚಿರುವಂಥದನ್ನು ಆರಿಸಿರಿ. ಗಿಡ್ಡದು ತುಟಿಯನ್ನು ಹಿಂಡುತ್ತದೆ, ಉದ್ದದ್ದು ಅತ್ತಿತ್ತ ಸರಿದಾಡುತ್ತದೆ. ಕಡಿವಾಣ ಕಟಬಾಯಿಗೆ ತಾಗಿರಬೇಕು, ಅದನ್ನು ಮೇಲಕ್ಕೆ ಬಿಗಿದು ಎಳೆದಿರಬಾರದು. ಕೆಳಗೆ ಜೋತು ಹಲ್ಲಿಗೆ ಬಡಿಯಲೂಬಾರದು.

ದಪ್ಪವಾದಷ್ಟೂ ಮೆತ್ತಗೆ ಎಂಬ ನಂಬಿಕೆ ಅರ್ಧ ಸತ್ಯ. ತೀರ ತೆಳುವಾದದ್ದು ಕೊಯ್ಯುತ್ತದೆ ನಿಜ, ಆದರೆ ತೀರ ದಪ್ಪವಾದದ್ದಕ್ಕೆ ಬಾಯಲ್ಲಿ ಜಾಗವೇ ಇರುವುದಿಲ್ಲ. ನಡುವೆ ಒಂದೇ ಕೀಲಿರುವ ಕಡಿವಾಣ ಕೆಲವು ಕುದುರೆಗಳ ಅಂಗುಳಕ್ಕೆ ಚುಚ್ಚುತ್ತದೆ. ಅಂಥವಕ್ಕೆ ಎರಡು ಕೀಲಿನದು ಅಥವಾ ನೇರ ಸರಳಿನದು ಹಿತವಾದೀತು. ಗಾಡಿ ಕುದುರೆಗೆ ಪಕ್ಕದಲ್ಲಿ ಉದ್ದ ಕಂಬಿಗಳೂ ಗದ್ದದ ಸರಪಳಿಯೂ ಇರುವ ಕಡಿವಾಣ ಹಾಕುವುದುಂಟು. ಇದು ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ ಕೈಯ ಎಳೆತ ಬಾಯಿಗೆ ಹಲವು ಪಟ್ಟಾಗಿ ತಾಗುತ್ತದೆ. ಲಗಾಮನ್ನು ಕಂಬಿಯ ಕೆಳತುದಿಗೆ ಕಟ್ಟದೆ ಬಾಯಿಯ ಮಟ್ಟದ ಬಳೆಗೆ ಕಟ್ಟುವುದು ಕ್ಷೇಮ. ಸರಪಳಿ ತಿರುಚದೆ ಮಟ್ಟಸವಾಗಿರಲಿ, ಅದರಡಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ.

'ಪೇಟೆಯ ಗದ್ದಲದಲ್ಲಿ ಬಿರುಸು ಕಡಿವಾಣವಿಲ್ಲದೆ ಗಾಡಿ ನಿಲ್ಲಿಸುವುದು ಹೇಗೆ?' ಎಂದು ಗಾಡಿಯವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನೋವಿಗೆ ಬೆದರಿದ ಕುದುರೆ ನಿಲ್ಲುವುದಕ್ಕಿಂತ ಓಡುವುದೇ ಹೆಚ್ಚು. ನಿಲ್ಲುವುದನ್ನು ಕಲಿಸಬೇಕಾದದ್ದು ತರಬೇತಿ. ಹಗುರವಾಗಿ ಎಳೆದು, ಕುದುರೆ ಮಾತು ಕೇಳಿದೊಡನೆ ಲಗಾಮು ಸಡಿಲಿಸಬೇಕು. ಆ ಸಡಿಲಿಕೆಯಿಂದಲೇ ಅದು ಪಾಠ ಕಲಿಯುತ್ತದೆ.

ಕಾನೂನೂ ಈ ಮಾತನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ 1965ರಲ್ಲಿ ಮಾಡಿದ ನಿಯಮಗಳು ಗಾಡಿ ಎಳೆಯುವ ಹಾಗೂ ಹೊರೆ ಹೊರುವ ಪ್ರಾಣಿಗಳಿಗೆ ಮುಳ್ಳಿನ ಕಡಿವಾಣ ಹಾಕುವುದನ್ನು ನಿಷೇಧಿಸಿವೆ. ಹಳ್ಳಿಗಳಲ್ಲಿ ಜಾನುವಾರು ತಪಾಸಣಾ ಶಿಬಿರ ನಡೆಸುವವರು ಕುದುರೆಯ ಬಾಯಿಯನ್ನೂ ಕಡಿವಾಣವನ್ನೂ ತಪ್ಪದೆ ಪರೀಕ್ಷಿಸಿದರೆ ಈ ನಿಯಮ ಬಳಕೆಗೆ ಬಂದೀತು.

ಕುದುರೆ ಸಾಕಿರುವ ಬಾಂಧವರು ನಾಳೆ ಬೆಳಿಗ್ಗೆ ಕಡಿವಾಣ ಹಾಕುವ ಮೊದಲು ಅದರ ಮೈಮೇಲೆ ಬೆರಳಾಡಿಸಿ ನೋಡಲಿ. ಬೆರಳಿಗೆ ತರಚುವುದು ನಾಲಗೆಗೂ ತರಚುತ್ತದೆ. ಕಟಬಾಯಿಯಲ್ಲಿ ಗಾಯವಿದ್ದರೆ, ಜೊಲ್ಲಿನಲ್ಲಿ ರಕ್ತ ಕಂಡರೆ ಅಂದು ಗಾಡಿ ಕಟ್ಟದೆ ಪಶುವೈದ್ಯರನ್ನು ಕಾಣಲಿ. ಕೆಲಸ ಮುಗಿದ ಮೇಲೆ ಪ್ರತಿದಿನ ಕಡಿವಾಣವನ್ನು ತೊಳೆದು ಒರೆಸಿಡಲಿ. ಒಂದು ದಿನದ ಬಾಡಿಗೆ ಹೋದರೂ ಚಿಂತೆಯಿಲ್ಲ, ಬಾಯಿ ಕೆಟ್ಟು ಮೇವು ಅಗಿಯಲಾರದ ಕುದುರೆಯಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.