ಯಂತ್ರದ ಕಣ್ಣಿಗೆ ನಮ್ಮ ತಾಳ ಕಂಡೀತೆ?

ಯಕ್ಷಗಾನದ ರಂಗಸ್ಥಳದ ಹತ್ತಿರ ಕುಳಿತು ಬೆಳಗಿನವರೆಗೆ ಆಟ ನೋಡಿದವರಿಗೆ ಒಂದು ಸಂಗತಿ ಗೊತ್ತಿದೆ. ಮದ್ದಳೆಗಾರರು ಕಿವಿಯನ್ನು ಮಾತ್ರ ನಂಬಿ ನುಡಿಸುವುದಿಲ್ಲ. ಅವರ ದೃಷ್ಟಿ ಭಾಗವತರ ಕೈಯ ಜಾಗಟೆಯ ಮೇಲೂ ವೇಷಧಾರಿಯ ಹೆಜ್ಜೆಯ ಮೇಲೂ ಇರುತ್ತದೆ. ಪದ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಮುಕ್ತಾಯ ಯಾವಾಗ ಎಂಬುದನ್ನು ಅವರು ನೋಡಿಯೇ ತಿಳಿಯುತ್ತಾರೆ. ಸಂಗೀತದಲ್ಲಿ ಕಿವಿಗಿರುವಷ್ಟೇ ಕೆಲಸ ಕಣ್ಣಿಗೂ ಇದೆ.

ಈ ಕೆಲಸವನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ ಜಗತ್ತಿನ ನಾನಾ ಕಡೆ ನಡೆದಿದೆ. ಜಪಾನಿನ ವಾಸೆದಾ ವಿಶ್ವವಿದ್ಯಾಲಯದವರು 1984ರಲ್ಲಿ ಸಿದ್ಧಪಡಿಸಿದ ‘ವಾಬೋಟ್-2’ ಎಂಬ ಯಂತ್ರಮಾನವ ಕ್ಯಾಮರಾದ ಕಣ್ಣಿನಿಂದ ಸ್ವರಲಿಪಿಯನ್ನು ಓದಿ ಆರ್ಗನ್ ನುಡಿಸಿತು. ಅದೇ 1984ರಲ್ಲಿ ಅಮೆರಿಕದ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಎಂಬಿಬ್ಬರು, ವಾದಕನ ಗತಿಯನ್ನು ಅನುಸರಿಸಿ ಪಕ್ಕವಾದ್ಯ ನೀಡುವ ಗಣಕಯಂತ್ರದ ವಿಧಾನಗಳನ್ನು ಪ್ರತ್ಯೇಕವಾಗಿ ಮುಂದಿಟ್ಟರು. ಕೆನಡಾದ ಕಲಾವಿದ ಡೇವಿಡ್ ರೋಕ್‌ಬಿ 1980ರ ದಶಕದಲ್ಲೇ ಕ್ಯಾಮರಾದ ಮುಂದೆ ಮೈ ಅಲುಗಿಸಿದರೆ ಸಂಗೀತ ಹೊರಡುವ ವ್ಯವಸ್ಥೆಯನ್ನು ನಿರ್ಮಿಸಿದ್ದರು. ಅಂದು ಪ್ರಯೋಗಶಾಲೆಯಲ್ಲಿದ್ದ ಇಂಥ ಶಕ್ತಿ ಇಂದು ನಮ್ಮ ಮಕ್ಕಳ ಕೈಯ ಮೊಬೈಲಿಗೆ ಬಂದಿದೆ. 2019ರಲ್ಲಿ ಗೂಗಲ್ ಸಂಸ್ಥೆ ಬಿಡುಗಡೆ ಮಾಡಿದ ಒಂದು ತಂತ್ರಾಂಶವು ಸಾಮಾನ್ಯ ಮೊಬೈಲಿನ ಕ್ಯಾಮರಾದಿಂದಲೇ ಅಂಗೈಯ 21 ಬಿಂದುಗಳನ್ನು ಗುರುತಿಸುತ್ತದೆ. ಬೆರಳು ಮಡಿಸಿದ್ದೂ ಕೈ ತಿರುಗಿದ್ದೂ ಅದಕ್ಕೆ ಅಂಕೆಗಳಾಗಿ ಸಿಗುತ್ತವೆ.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಕ್ಯಾಮರಾ ಒಂದು ಸೆಕೆಂಡಿಗೆ ಸುಮಾರು 30 ಚಿತ್ರಗಳನ್ನು ತೆಗೆಯುತ್ತದೆ. ಪ್ರತಿ ಚಿತ್ರವೂ ಅಂಕೆಗಳ ಒಂದು ಕೋಷ್ಟಕ. ಮಣಿಕಟ್ಟು, ಮೊಣಕೈ, ಬೆರಳ ಸಂದು ಎಲ್ಲಿವೆ ಎಂದು ಮನುಷ್ಯರೇ ಗುರುತುಹಾಕಿಕೊಟ್ಟ ಸಾವಿರಾರು ಚಿತ್ರಗಳನ್ನು ನೋಡಿ ನೋಡಿ ಯಂತ್ರ ಊಹಿಸಲು ಕಲಿಯುತ್ತದೆ. ಕೃತಕ ಬುದ್ಧಿಮತ್ತೆ ಎಂದು ಕರೆಯುವುದು ಈ ಕಲಿಕೆಯನ್ನೇ. ಶಾಲೆಯ ಮಗುವಿನಂತೆ ಅದೂ ತೋರಿಸಿದ್ದನ್ನು ಕಲಿಯುತ್ತದೆ. ಅದಕ್ಕೆ ಏನನ್ನು ತೋರಿಸಲಾಗಿದೆ, ಏನನ್ನು ತೋರಿಸಲಾಗಿಲ್ಲ ಎಂಬುದೇ ಗಡಿನಾಡಿನ ನಾವು ಯೋಚಿಸಬೇಕಾದ ಪ್ರಶ್ನೆ.

ಕಳೆದ ಬೇಸಗೆ ರಜೆಯಲ್ಲಿ ಮಂತ್ರಾಲಯ ಯಾತ್ರೆಗೆ ಹೋಗಿದ್ದ ನಾವು ಹಿಂದಿರುಗುವಾಗ ಆದವಾನಿಯಲ್ಲಿ ಪರಿಚಿತ ಕನ್ನಡ ಶಿಕ್ಷಕರೊಬ್ಬರ ಮನೆಯಲ್ಲಿ ತಂಗಿದ್ದೆವು. ಆದವಾನಿ ನಮಗೆ ಪರಕೀಯ ಊರಲ್ಲ. ಅದೂ ನಮ್ಮ ಕಾಸರಗೋಡೂ ಒಂದು ಕಾಲಕ್ಕೆ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಅದು ಬಳ್ಳಾರಿ ಜಿಲ್ಲೆಯಲ್ಲಿ, ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅಲ್ಲಿಗೆ ಸೇರಿದವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ನಮ್ಮ ಸರದಿ ಬಂತು. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಕನ್ನಡ ಮಾತನಾಡುವ ಮನೆಗಳು ಇಂದಿಗೂ ಇವೆ.

ಸಂಜೆ ಆ ಮನೆಯ ಅಜ್ಜಿ ದೇವರ ಮುಂದೆ ಕುಳಿತು ಹಾಡಿದರು. ಮೊದಲು ಒಂದು ಉಗಾಭೋಗ, ಅನಂತರ ವಿಜಯದಾಸರ ಒಂದು ಸುಳಾದಿ. ಎಂಟನೆಯ ತರಗತಿಯ ಮೊಮ್ಮಗ ಎದುರಿಗೆ ಮೊಬೈಲ್ ಇಟ್ಟಿದ್ದ. ಹಾಡನ್ನು ಕೇಳಿ ತಾಳ ಸರಿಯೇ ತಪ್ಪೇ ಎಂದು ತೋರಿಸುವ ಯಾವುದೋ ತಂತ್ರಾಂಶ ಅದರಲ್ಲಿತ್ತು. ಹಾಡು ಮುಗಿಯುವಷ್ಟರಲ್ಲಿ ಪರದೆಯೆಲ್ಲ ಕೆಂಪು. “ಅಜ್ಜೀ, ನಿಂದು ತಾಳ ತಪ್ತದ” ಎಂದ ಹುಡುಗ. ಅಜ್ಜಿ ಸಿಟ್ಟಾಗಲಿಲ್ಲ. “ಉಗಾಭೋಗಕ್ಕ ತಾಳ ಎಲ್ಲಿರ್ತದಪ್ಪಾ? ಸುಳಾದಿಯೊಳಗ ತಾಳ ಬದಲಾಗ್ತದ. ನನ್ನ ಕೈ ನೋಡಿದ್ರ ತಿಳೀತಿತ್ತು, ನೀ ಅದನ್ನ ನೋಡಿದಿ” ಎಂದರು. ಅವರ ಬೆರಳು ತೋರಿಸಿದ್ದು ಮೊಬೈಲಿನ ಕಡೆಗೆ.

ಅಜ್ಜಿಯ ಮಾತು ಶಾಸ್ತ್ರಸಮ್ಮತವಾದದ್ದು. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಭಾವ ಕರೆದಲ್ಲಿಗೆ ರಾಗ ಹೋಗುತ್ತದೆ. ಸುಳಾದಿಯಲ್ಲಿಯಾದರೋ ಒಂದೊಂದು ನುಡಿಗೆ ಒಂದೊಂದು ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ನುಡಿಗಳು ಸಾಗಿ ಕೊನೆಗೆ ‘ಜತೆ’ಯಲ್ಲಿ ಮುಗಿಯುತ್ತದೆ. ರೂಪಕಕ್ಕೆ 6 ಅಕ್ಷರಕಾಲ, ತಿಸ್ರಜಾತಿಯ ತ್ರಿಪುಟಕ್ಕೆ 7, ಖಂಡಜಾತಿಯ ಅಟ್ಟಕ್ಕೆ 14. ಮೃದಂಗವಿಲ್ಲದೆ ಮನೆಯಲ್ಲಿ ಹಾಡುವಾಗ ಈ ಲೆಕ್ಕವೆಲ್ಲ ಇರುವುದು ಹಾಡುವವರ ಕೈಯಲ್ಲಿ: ಒಂದು ಘಾತ, ಬೆರಳೆಣಿಕೆ, ಮತ್ತೆ ಘಾತ, ಒಂದು ಬೀಸು. ಕೇಳಿಸಿಕೊಳ್ಳಲು ಮಾತ್ರ ಬಲ್ಲ ಯಂತ್ರಕ್ಕೆ ಇದು ಸಿಗದಿದ್ದರೆ ಆಶ್ಚರ್ಯವಿಲ್ಲ. ನೋಡಲೂ ಬಲ್ಲ ಯಂತ್ರಕ್ಕೆ ಸಿಗಬಹುದು. ಆದರೆ ಸುಳಾದಿ ಹಾಡುವ ಕೈಯನ್ನು ಯಾರಾದರೂ ಅದಕ್ಕೆ ತೋರಿಸಿರಬೇಕು.

ಕೈಯ ಚಲನೆಯಲ್ಲಿ ಸಂಗೀತದ ಸುಳಿವು ಇದೆ ಎಂಬುದನ್ನು ವಿದ್ವಾಂಸರೂ ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಲೇಟನ್, ಮುಂಬಯಿ ಐಐಟಿಯ ಪ್ರೀತಿ ರಾವ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದೂಸ್ತಾನಿ ಗಾಯಕರ ಆಲಾಪದ ಧ್ವನಿಯೊಂದಿಗೆ ಅವರ ಕೈಗಳ ಚಲನೆಯನ್ನೂ ಯಂತ್ರಕ್ಕೆ ನೀಡಿ, ಅದು ರಾಗವನ್ನು ಗುರುತಿಸಬಲ್ಲುದೇ ಎಂದು ನೋಡಿದರು. ಧ್ವನಿಯಿಂದ ಗುರುತಿಸುವುದೇ ಹೆಚ್ಚು ನಿಖರವಾಗಿತ್ತಾದರೂ ಕೈಯ ಚಲನೆಯಲ್ಲಿಯೂ ರಾಗದ ಗುರುತು ಕಂಡುಬಂತು. ಸಭೆಯ ಗಾಯಕರ ಕೈಗೆ ದೊರೆತ ಈ ಗೌರವ ಆದವಾನಿಯ ಅಜ್ಜಿಯ ಕೈಗೂ ಕುಂಬಳೆ ಸೀಮೆಯ ಭಾಗವತರ ಕೈಗೂ ಏಕೆ ದೊರೆಯಬಾರದು?

ಹೊಸ ಯಂತ್ರ ಬಂದಾಗಲೆಲ್ಲ ಸಂಗೀತ ಕೆಟ್ಟಿತು ಎಂದು ಹೆದರುವವರೂ ಇದ್ದಾರೆ, ಇನ್ನು ಗುರುವೇ ಬೇಡ ಎನ್ನುವವರೂ ಇದ್ದಾರೆ. ನಾವು ಇಬ್ಬರನ್ನೂ ಒಪ್ಪಲಾರೆವು. ಹಾರ್ಮೋನಿಯಂಗೆ ನಮ್ಮ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಮುಚ್ಚಿತ್ತು. ಭಜನೆಯ ಮನೆಗಳು ಮುಚ್ಚಲಿಲ್ಲ. ಇಂದು ಅದಿಲ್ಲದೆ ಭಜನೆಯೇ ಇಲ್ಲವೆಂಬಂತಾಗಿದೆ. ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಂದಾಗ ಹಾಡುಗಾರಿಕೆ ಅಳಿಯಲಿಲ್ಲ. ತಂಬೂರಿ ಹಿಡಿಯಲು ಮತ್ತೊಬ್ಬರಿಲ್ಲದ ಮನೆಯಲ್ಲೂ ಮಕ್ಕಳಿಗೆ ಶ್ರುತಿ ಸಿಕ್ಕಿತು. ಆದುದರಿಂದ ಯಂತ್ರ ಬಂದುದಕ್ಕೆ ನಮ್ಮ ಆಕ್ಷೇಪವಿಲ್ಲ. ಶ್ರುತಿಪೆಟ್ಟಿಗೆ ಯಾರಿಗೂ ‘ನೀನು ತಪ್ಪು’ ಎಂದು ಹೇಳುತ್ತಿರಲಿಲ್ಲ. ಈ ಹೊಸ ಯಂತ್ರ ಹೇಳುತ್ತದೆ, ಮಕ್ಕಳು ನಂಬುತ್ತಾರೆ. ತನಗೆ ಗೊತ್ತಿಲ್ಲದ್ದನ್ನೆಲ್ಲ ತಪ್ಪೆಂದು ಬರೆಯುವ ಪರೀಕ್ಷಕನ ಕೈಗೆ ಉತ್ತರಪತ್ರಿಕೆ ಸಿಕ್ಕಿದರೆ ಏನಾಗುವುದೆಂದು ಶಿಕ್ಷಕರಾದ ನಮಗೆ ಚೆನ್ನಾಗಿ ಗೊತ್ತು.

ಯಂತ್ರಕ್ಕೆ ಭಾರತೀಯ ಸಂಗೀತವನ್ನು ಕಲಿಸುವ ಪ್ರಯತ್ನವೇ ಆಗಿಲ್ಲವೆಂದಲ್ಲ. ಸ್ಪೇನಿನ ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರಾ ಅವರ ನೇತೃತ್ವದಲ್ಲಿ 2011ರಿಂದ 2017ರವರೆಗೆ ನಡೆದ ‘ಕಾಂಪ್‌ಮ್ಯೂಸಿಕ್’ ಯೋಜನೆಯಲ್ಲಿ ಮದರಾಸು ಐಐಟಿಯವರೂ ಪಾಲ್ಗೊಂಡಿದ್ದರು. ಪಾಶ್ಚಾತ್ಯ ಸಂಗೀತದ ಅಳತೆಗೋಲು ರಾಗಕ್ಕೆ ಹೊಂದದೆಂದು ಮನಗಂಡೇ ಅವರು ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತಕ್ಕೆ ಬೇರೆಯಾಗಿ ಸಂಗ್ರಹ ಮಾಡಿದರು. ಇದು ಶ್ಲಾಘನೀಯ ಕೆಲಸ. ಆದರೆ ಅಂಥ ಸಂಗ್ರಹಗಳಿಗೆ ಆಧಾರ ಕಚೇರಿಗಳೂ ಪ್ರಕಟಿತ ಧ್ವನಿಮುದ್ರಿಕೆಗಳೂ. ಅಡುಗೆಮನೆಯಲ್ಲಿ, ದೇವರ ಮುಂದೆ, ಜಾತ್ರೆಯ ದಾರಿಯಲ್ಲಿ ಹಾಡುವವರು ಕಚೇರಿ ಮಾಡುವುದಿಲ್ಲ.

ಕರ್ನೂಲಿನ ಈ ಪಶ್ಚಿಮ ಭಾಗವನ್ನು ದಾಸಸಾಹಿತ್ಯದ ತವರುಗಳಲ್ಲಿ ಒಂದೆಂದರೆ ಅತಿಶಯೋಕ್ತಿಯಾಗದು. ತುಂಗಭದ್ರೆಯ ದಡದಲ್ಲಿ ಮಂತ್ರಾಲಯವಿದೆ. ವಿಜಯದಾಸರು 1755ರಲ್ಲಿ ದೇಹವಿಟ್ಟ ಚಿಪ್ಪಗಿರಿ ಆಲೂರಿನ ಸೀಮೆಯಲ್ಲಿದೆ. ಗುರುಜಗನ್ನಾಥದಾಸರ ಕೌತಾಳ ಆದವಾನಿಯ ನೆರೆಯಲ್ಲಿದೆ. ಹೀಗಿದ್ದೂ ನಾವು ತಂಗಿದ್ದ ಮನೆಯ ಹಾಡಿನ ಪುಸ್ತಕದಲ್ಲಿ ಕನ್ನಡ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದಿತ್ತು. ಸೊಸೆಗೂ ಮಕ್ಕಳಿಗೂ ಓದಲು ಬರುವ ಲಿಪಿ ಅದೊಂದೇ. ಇದರಲ್ಲಿ ತೆಲುಗಿನ ಮೇಲೆ ದೂರಲು ಏನೂ ಇಲ್ಲ. ದಾಸರ ಪದಗಳನ್ನು ಭಕ್ತಿಯಿಂದ ಹಾಡುವ ತೆಲುಗರು ಎಷ್ಟೋ ಮಂದಿ ಇದ್ದಾರೆ. ಆದರೆ ನಾಳೆ ಯಂತ್ರವೊಂದು ಲಿಪಿಯನ್ನೂ ಜಿಲ್ಲೆಯ ಹೆಸರನ್ನೂ ನೋಡಿ ಭಾಷೆಯನ್ನು ನಿರ್ಧರಿಸಿದರೆ ಚಿಪ್ಪಗಿರಿಯ ಸುಳಾದಿ ಯಾವ ಖಾನೆಗೆ ಹೋಗುತ್ತದೆ? ಕನ್ನಡದ ಪದವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ವೇದಿಕೆ ಏರುವ ಮಕ್ಕಳನ್ನು ನಾವು ನಮ್ಮ ಜಿಲ್ಲೆಯಲ್ಲೂ ಕಾಣುತ್ತಿದ್ದೇವಲ್ಲವೆ? ಲೆಕ್ಕಕ್ಕೆ ಸಿಗದ ಭಾಷೆಗೆ ಶಾಲೆಯೂ ಇಲ್ಲ, ಅಧ್ಯಾಪಕರೂ ಇಲ್ಲ ಎಂಬುದನ್ನು ಭಾಷಾ ಅಲ್ಪಸಂಖ್ಯಾತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮುಖವೂ ಇದೆ. ಯಂತ್ರಕ್ಕೆ ಕಲಿಸಲು ಕೊಟ್ಟ ಹಾಡು ಯಾರದು? ತಮ್ಮ ಧ್ವನಿಮುದ್ರಣಗಳನ್ನು ಕೇಳದೆ ಬಳಸಿಕೊಂಡು ಯಂತ್ರಕ್ಕೆ ಹಾಡು ಕಟ್ಟಲು ಕಲಿಸಿದರೆಂದು ಅಮೆರಿಕದ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳು ಸೂನೊ, ಯೂಡಿಯೊ ಎಂಬ ಎರಡು ಕಂಪೆನಿಗಳ ಮೇಲೆ 2024ರ ಜೂನ್ ತಿಂಗಳಲ್ಲಿ ಮೊಕದ್ದಮೆ ಹೂಡಿದವು. ಮುಂದೆ 2025ರಲ್ಲಿ ಅವುಗಳಲ್ಲಿ ಕೆಲವು ಒಪ್ಪಂದ ಮಾಡಿಕೊಂಡವು. ದೊಡ್ಡವರಿಗೆ ವಕೀಲರಿದ್ದಾರೆ. ಹಳ್ಳಿಯ ಹಾಡುಗಾರ್ತಿಗೆ ಯಾರಿದ್ದಾರೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ಈಗಿರುವ ತಿದ್ದುಪಡಿಗಳಂತೆ, ಪ್ರದರ್ಶನ ನೀಡಿದ ಕಲಾವಿದರಿಗೂ 50 ವರ್ಷಗಳ ಹಕ್ಕು ಇದೆ. ದಾಸರ ಪದ ಎಲ್ಲರ ಸೊತ್ತು, ನಿಜ. ಆದರೆ ಅಜ್ಜಿ ಹಾಡಿದ ಆ ಹಾಡುಗಾರಿಕೆ ಅಜ್ಜಿಯದು. ಈ ವ್ಯತ್ಯಾಸವನ್ನು ಮನೆಯವರೇ ಮೊದಲು ತಿಳಿದುಕೊಳ್ಳಬೇಕಾಗಿದೆ.

ಹಾಗಾದರೆ ಆಗಬೇಕಾದುದೇನು? ಸರಕಾರಗಳು ಬಂದು ಮಾಡಲಿ ಎಂದು ಕಾಯುವ ಕೆಲಸ ಇದಲ್ಲ. ಎಂಬತ್ತು ದಾಟಿದ ಕಂಠಗಳು ಕಾಯುವುದಿಲ್ಲ. ಮೊಬೈಲ್ ಇಲ್ಲದ ಮನೆ ಈಗ ಅಪರೂಪ. ಫ್ಯಾನು ನಿಲ್ಲಿಸಿ, ಬೆಳಕು ಹಾಡುವವರ ಮುಖದ ಮೇಲೆ ಬೀಳುವಂತೆ ಕುಳ್ಳಿರಿಸಿ, ಮೊಬೈಲನ್ನು ಅಲುಗದಂತೆ ಒಂದೆಡೆ ಇಟ್ಟು ಚಿತ್ರೀಕರಿಸಿರಿ. ಮುಖ ಮಾತ್ರ ಸಾಲದು. ತಾಳ ಹಾಕುವ ಕೈಯೂ ಪೂರ್ತಿಯಾಗಿ ಕಾಣಬೇಕು. ಕೈ ಕಾಣದ ದಾಖಲೆ ಅರ್ಧ ದಾಖಲೆ. ಹಾಡಿದವರ ಹೆಸರು, ಊರು, ದಿನಾಂಕ, ಹಾಡಿನ ಅಂಕಿತ, ಗೊತ್ತಿದ್ದರೆ ರಾಗ ಮತ್ತು ತಾಳ, ಯಾರಿಂದ ಕಲಿತದ್ದು ಎಂಬಿಷ್ಟನ್ನು ಕನ್ನಡ ಲಿಪಿಯಲ್ಲಿ ಬರೆದಿಡಿರಿ. ಇದನ್ನು ಯಾರಿಗೆ, ಯಾತಕ್ಕೆ ಕೊಡಬಹುದೆಂದು ಹಾಡಿದವರನ್ನೇ ಕೇಳಿ ಒಪ್ಪಿಗೆಯ ಸಹಿ ಪಡೆಯಿರಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಊರಿನ ಕನ್ನಡ ಶಾಲೆಯಲ್ಲಿ ಇರಲಿ.

ನಮ್ಮ ಜಿಲ್ಲೆಯ ಪ್ರೌಢಶಾಲೆಗಳಿಗೆ ಇದು ಹೊರೆಯಾಗಲಾರದು. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟ್ಲ್ ಕೈಟ್ಸ್’ ಘಟಕಗಳು ನಡೆಯುತ್ತಿವೆ. ಮಕ್ಕಳು ಗಣಕಯಂತ್ರದ ಕೆಲಸಗಳನ್ನು ಕಲಿಯುತ್ತಿದ್ದಾರೆ. ಕನ್ನಡ ಮಾಧ್ಯಮದ ಮಕ್ಕಳು ವರ್ಷಕ್ಕೊಬ್ಬ ಭಾಗವತರನ್ನೋ ಒಬ್ಬ ಹಾಡುವ ಅಜ್ಜಿಯನ್ನೋ ಹೀಗೆ ದಾಖಲಿಸಿದರೆ ಹತ್ತು ವರ್ಷಗಳಲ್ಲಿ ಒಂದು ಶಾಲೆಯಲ್ಲೇ ಹತ್ತು ಮಂದಿಯ ಕಲೆ ಉಳಿದೀತು. ಮಂತ್ರಾಲಯದ ಶ್ರೀಮಠ ಮತ್ತು ತಿರುಮಲ ತಿರುಪತಿ ದೇವಸ್ಥಾನದ ದಾಸಸಾಹಿತ್ಯ ಯೋಜನೆ ಆದವಾನಿ, ಆಲೂರು, ಕೌತಾಳ, ಚಿಪ್ಪಗಿರಿಗಳ ಮನೆ ಮನೆಯ ಹಾಡನ್ನು ಹೀಗೆ ಸಂಗ್ರಹಿಸಲು ಮುಂದಾದರೆ ಅದೊಂದು ದೊಡ್ಡ ಸೇವೆಯಾದೀತು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಸಭೆ ಸಮಾರಂಭಗಳ ಜತೆಗೆ ಈ ಕೆಲಸಕ್ಕೂ ನೆರವು ನೀಡುವುದು ಯುಕ್ತ. ಯಂತ್ರ ರೂಪಿಸುವ ವಿದ್ಯಾಸಂಸ್ಥೆಗಳಿಗೆ ನಮ್ಮ ಕೋರಿಕೆ ಒಂದೇ: ನಿಮ್ಮ ಯಂತ್ರಕ್ಕೆ ತಿಳಿಯದ ಕಡೆ ‘ತಪ್ಪು’ ಎಂದು ತೋರಿಸಬೇಡಿ, ‘ತಿಳಿಯದು’ ಎಂದು ತೋರಿಸಿ.

ಆ ಸಂಜೆಯ ಮುಂದಿನ ಮಾತನ್ನೂ ಹೇಳಿಬಿಡುತ್ತೇವೆ. ರಾತ್ರಿ ಊಟವಾದ ಮೇಲೆ ಹುಡುಗ ಆ ತಂತ್ರಾಂಶವನ್ನು ಮುಚ್ಚಿ ಬರೇ ಕ್ಯಾಮರಾ ತೆರೆದ. ಮೊಬೈಲನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿ, “ಅಜ್ಜೀ, ಇನ್ನೊಮ್ಮೆ ಹಾಡು. ಕೈ ಕಾಣೂ ಹಂಗ ಕೂಡು” ಎಂದ. ಅಜ್ಜಿ ಸೆರಗು ಸರಿಪಡಿಸಿಕೊಂಡು ಕುಳಿತರು. ನಮ್ಮ ಓದುಗರ ಮನೆಗಳಲ್ಲಿಯೂ ಈ ರಜಾದಿನಗಳಲ್ಲಿ ಇಷ್ಟಾದರೂ ನಡೆಯಲಿ ಎಂದು ಆಶಿಸುತ್ತೇವೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?